ಮೇಲಕ್ಕೆ ಜಾರಿದ ಬೆಟ್ಟ

ಊರಲ್ಲಿ ಇಲ್ಲದ್ದನ್ನು ಮನೆಯಲ್ಲಿ ಮಾಡಿ ತೋರಿಸುವ ಚಟ ಕೆಲವರಿಗಿರುತ್ತದೆ. ನನಗೆ ಸ್ವಲ್ಪ ಜಾಸ್ತಿಯೇ ಇದೆ. ಮೂರ್ನಾಡಿನ ನಮ್ಮ ಮನೆಯನ್ನು ಹೋಂಸ್ಟೇ ಮಾಡಿದಾಗ, ಬೆಟ್ಟ, ಮಂಜು, ಕಾಫಿ ಎಲ್ಲರ ಹತ್ತಿರವೂ ಇದೆ, ನಮ್ಮಲ್ಲಿ ಸಮುದ್ರವಿರಲಿ ಎಂದು ನಡುಮನೆಯಲ್ಲಿ ದೊಡ್ಡ ಗಾಜಿನ ತೊಟ್ಟಿ ಇಟ್ಟು ಹವಳ, ಉಪ್ಪುನೀರಿನ ಮೀನು ಸಾಕಲು ಹೊರಟೆ. ಬುಕ್ ಮಾಡಿದ ಮೊದಲ ಅತಿಥಿಗಳು ಮಂಗಳೂರಿನವರು! "ಸಮುದ್ರದ ಪಕ್ಕದಿಂದ ಬರೋರಿಗೆ ಸಮುದ್ರ ತೋರಿಸ್ತೀಯಾ? ಅವ್ರು ಮುಖ ಸಿಂಡರಿಸ್ಕೊಂಡು ಹೋದ್ರೆ ಹೋಂಸ್ಟೇಗೆ ಬೀಗ. ನೀನು ಮಾವನ ಎಸ್ಟೇಟಲ್ಲಿ ರೈಟರ್," ಎಂದು ಅಮ್ಮ ತೀರ್ಪು ಕೊಟ್ಟಳು. ರೈಟರ್ ಎಂದರೆ ಬೆಳಬೆಳಿಗ್ಗೆ ಎದ್ದು ಆಳುಗಳ ಹಾಜರಿ ಕೂಗಬೇಕು. ಶಾಲೆಯಲ್ಲಿ ನನ್ನ ಹಾಜರಿಯನ್ನೇ ಪಕ್ಕದವನು ಕೂಗುತ್ತಿದ್ದ.

ತೊಟ್ಟಿಯ ಹಿಂದೆ ಸ್ವಿಚ್‌ಬೋರ್ಡು, ಅಮ್ಮನ ಕ್ಯಾಲೆಂಡರು ಕಾಣುತ್ತಿದ್ದವು. ಸಮುದ್ರದಲ್ಲಿ ಏಕಾದಶಿ ಕಾಣಬಾರದೆಂದು ಹಿಂಬದಿಗೆ ಬಂಡೆಗೋಡೆ ಮಾಡಲು ಕೂತೆ. ಫೋಮ್ ಉಬ್ಬಿಸಿ, ಚಾಕುವಿನಲ್ಲಿ ಕೆತ್ತಿ, ಬಣ್ಣ ಬಳಿದೆ. ಮನೆ ಹಿಂದಿನ ಬರೆಗೆ, ಅಂದರೆ ಗುಡ್ಡ ಕಡಿದ ಕಡಿದಾದ ಬದಿಗೆ, ತಡೆಗೋಡೆ ಕಟ್ಟಿಸಿ ಕಟ್ಟಿಸಿ ಪಳಗಿದ್ದ ಮಾವ ಉಸ್ತುವಾರಿಗೆ ಬಂದರು. "ಲೋ, ಬರೆ ಅಂದ್ಮೇಲೆ ಕೆಳಕ್ಕೆ ಜರಿಯೋದೇ ಕಣೋ. ಬುಡಕ್ಕೆ ಕಲ್ಲು ಕೊಡು. ತಲೆ ಮೇಲೆ ಮಾತ್ರ ಭಾರ ಹಾಕ್ಬೇಡ." ಹಾಗೇ ಮಾಡಿದೆ. ಗಾಜಿಗೆ ಅಂಟಿಸಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ. ಬೆಟ್ಟವನ್ನು ಯಾರಾದರೂ ಅಂಟಿಸುತ್ತಾರೆಯೇ?

ಮೀನುಗಳು ಇನ್ನೂ ಬಕೆಟ್ಟಿನಲ್ಲಿದ್ದವು. ಉಪ್ಪುನೀರಿನ ಕೊನೆಯ ಕೊಡ ಸುರಿಯುವುದಕ್ಕೂ ಅತಿಥಿಗಳು ಒಳಗೆ ಬರುವುದಕ್ಕೂ ಸರಿಹೋಯಿತು. ಬೆಟ್ಟ ಒಮ್ಮೆ ಕೆಮ್ಮಿದಂತೆ ಅಲ್ಲಾಡಿ, ಬುಡದ ಕಲ್ಲುಗಳನ್ನು ಅಲ್ಲೇ ಬಿಟ್ಟು, ಗಂಭೀರವಾಗಿ ಮೇಲೇಳತೊಡಗಿತು. ಮಾವ ಎರಡು ಹೆಜ್ಜೆ ಹಿಂದೆ ಸರಿದು, "ಇದ್ಯಾವ ಸೀಮೆ ಜರಿಯೋದೋ!" ಎಂದರು. ನಾನು ಎರಡೂ ಕೈ ತೊಟ್ಟಿಗೆ ಹಾಕಿ ಅದುಮಿದೆ. ಎಡಗಡೆ ಅದುಮಿದರೆ ಬಲಗಡೆ ಏಳುತ್ತಿತ್ತು.

"ಎಂತ ಮಾರಾಯ್ರೆ, ನಿಮ್ಮ ಬೆಟ್ಟ ತೇಲ್ತಾ ಉಂಟಲ್ಲ!" ಎನ್ನುತ್ತ ಆ ಮಂಗಳೂರಿನವರು ಬ್ಯಾಗು ಕೆಳಗಿಟ್ಟು, ಅಂಗಿಯ ತೋಳು ಮಡಚಿ, ಬಲಗಡೆ ಹಿಡಿದರು. ಅವರ ಹೆಂಡತಿ ನಗು ತಡೆಯಲಾರದೆ ಸೋಫಾದಲ್ಲಿ ಕುಸಿದರು. ಎದುರುಬದುರು ನಿಂತು ನಾವಿಬ್ಬರು ಬೆಟ್ಟ ಅದುಮುತ್ತಿದ್ದಾಗ, ಅಮ್ಮ ಆ ಅತಿಥಿಗೆ ಕೈಯಾರೆ ಕಾಫಿ ಕುಡಿಸಿದಳು.

ಹೊರಡುವಾಗ ಅವರು, "ಮುಂದಿನ ಸಲ ಭಾವನವರನ್ನೂ ಕರ್ಕೊಂಡು ಬರ್ತೇನೆ. ಆದ್ರೆ ಅದನ್ನು ಅಂಟಿಸ್ಬೇಡಿ, ಆಯ್ತಾ?" ಎಂದರು. ಹೋಂಸ್ಟೇ ಉಳಿಯಿತು. ಈಗ ಬಂದವರೆಲ್ಲ ಚಪ್ಪಲಿ ಬಿಡುವ ಮೊದಲೇ ಬೆಟ್ಟ ಏಳುವುದು ಎಷ್ಟು ಹೊತ್ತಿಗೆ ಎಂದು ಕೇಳುತ್ತಾರೆ. ಶ್ರೀಕೃಷ್ಣ ಬೆಟ್ಟವನ್ನು ಕಿರುಬೆರಳಲ್ಲಿ ಎತ್ತಿ ದೇವರಾದ. ನಾನು ದಿನವೂ ಹತ್ತೂ ಬೆರಳಲ್ಲಿ ಅದುಮಿ ಹಿಡಿಯುತ್ತೇನೆ, ನೀರು ತುಳುಕಿದಾಗ ಅಮ್ಮ ನನ್ನತ್ತ ನೆಲ ಒರೆಸುವ ಬಟ್ಟೆ ಎಸೆಯುತ್ತಾಳೆ.