ಬಾಗಿಲ ಸಂದಿನ ಹೋಳಿಗೆ

ಮನುಷ್ಯ ಮನೆ ಕಟ್ಟಿಸಿದರೆ ವಾಸ್ತು ಹೇಳಲು ಊರಿಗೆ ಊರೇ ಬರುತ್ತದೆ. ಅದೇ ಮನೆಗೆ ಗಾಲಿ ಹಚ್ಚಿಸಿದರೆ ಕಟ್ಟಿಕೊಂಡ ಹೆಂಡತಿಯೂ ಒಳಗೆ ಬರಲು ಒಪ್ಪುವುದಿಲ್ಲ. ಬೈಲಹೊಂಗಲದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವ ಶಂಕರೆಪ್ಪನವರ ಸದ್ಯದ ಮಹಾದುಃಖ ಇದೇ ಆಗಿತ್ತು.

ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಸುಸ್ತಾಗಿದ್ದ ಒಂದು ಹಳೆಯ ಟೆಂಪೊವನ್ನು ಅವರು ಕೊಂಡುಕೊಂಡಿದ್ದರು. ಅದನ್ನು ರಹಿಮಾನಸಾಬರ ಗ್ಯಾರೇಜಿನಲ್ಲಿ ನಿಲ್ಲಿಸಿ, ಸೀಟುಗಳನ್ನೆಲ್ಲ ಕೀಳಿಸಿ, ಎರಡು ಹಾಸಿಗೆ, ಒಂದು ಗ್ಯಾಸಿನ ಒಲೆ, ಒಂದು ನೀರಿನ ಕ್ಯಾನು ಕೂಡಿಸಿ ಕ್ಯಾಂಪರ್ ವ್ಯಾನ್ ಮಾಡಿಸಿದರು. ಹಣೆಯ ಮೇಲೆ 'ಸಂಚಾರಿ ಸದನ' ಎಂದು ದಪ್ಪಕ್ಷರದಲ್ಲಿ ಬರೆಸಿದರು. (ಪೇಂಟರ್ 'ಸಂಚಾರಿ' ಎಂದು ಬರೆದವನೇ ರೂಢಿಯ ಮೇಲೆ 'ಪೊಲೀಸ್' ಎಂದು ಮುಂದುವರಿಸಲಿದ್ದ. ಸಮಯಕ್ಕೆ ಸರಿಯಾಗಿ ತಡೆದದ್ದೂ ಇವರೇ.) ಡ್ರೈವರ್ ಕೂಡುವ ಜಾಗಕ್ಕೂ ಮಲಗುವ ಕೋಣೆಗೂ ನಡುವೆ ಪ್ಲೈವುಡ್ ಗೋಡೆ. ಅದರಲ್ಲಿ ಊಟದ ಡಬ್ಬಿ ತೂರುವಷ್ಟು ಒಂದು ಕಿಟಕಿ. ಇನ್ನು ಗಾಡಿಯ ನೆತ್ತಿಯ ಮೇಲೆ ಆನೆಯ ಸೊಂಡಿಲಿನಂತೆ ಮುಂದಕ್ಕೆ ಬಾಗಿದ ಒಂದು ಕೊಳವೆ. ಇದು ಶಂಕರೆಪ್ಪನವರ ಸ್ವಂತ ಆವಿಷ್ಕಾರ. ಒಳಗಿನ ಬಿಸಿ ಗಾಳಿ ಮೇಲೇರಿ ಈ ಕೊಳವೆಯಿಂದ ತಾನಾಗಿಯೇ ಹೊರಗೆ ಹೋಗುತ್ತದೆಂದು ಅವರು ಕಂಡ ಕಂಡವರಿಗೆಲ್ಲ ಚಿತ್ರ ಬರೆದು ತೋರಿಸಿದ್ದರು. ಬೇಸಿಗೆ ರಜೆಯಲ್ಲಿ ಈ ಗಾಡಿಯಲ್ಲಿ ಕಾಶಿಗೆ ಹೋಗುವುದಾಗಿ ಸ್ಟಾಫ್ ರೂಮಿನಲ್ಲಿ ಸಾರಿಯೂ ಆಗಿತ್ತು. ಸಹೋದ್ಯೋಗಿಗಳು ಗಂಗಾಜಲಕ್ಕೆ ಹೇಳಿಟ್ಟಿದ್ದರು.

ಆದರೆ ಮೊದಲ ಸವಾರಿ ಕಿತ್ತೂರಿನ ಆಚೆಗೆ ಹೋಗಲಿಲ್ಲ. ಪುಷ್ಯ ಮಾಸದ ಚಳಿ. ಅತ್ತೆ ರಾಯವ್ವ ದೊಡವಾಡದಿಂದ ಹುರುಪಿನಲ್ಲಿ ಬಂದಿದ್ದಳು. ರಾತ್ರಿಯಿಡೀ ಗಾಳಿ ಅವಳನ್ನು ಹುಡುಕಿ ಹುಡುಕಿ ಬೀಸಿತು. ಬೆಳಗಿನವರೆಗೆ ಅವಳು ಸೀನಿದ ರಭಸಕ್ಕೆ ಗಾಡಿ ಹ್ಯಾಂಡ್‌ಬ್ರೇಕ್ ಹಾಕಿದ್ದರೂ ಅಲುಗಾಡುತ್ತಿತ್ತು.

ಮನೆಗೆ ಬಂದ ಕೂಡಲೆ ಹೆಂಡತಿ ಮಂಜುಳಾ ತೀರ್ಪು ಕೊಟ್ಟಳು.

"ಇದು ಗಾಡಿ ಅಲ್ರಿ, ಜರಡಿ. ನಮ್ಮ ಅವ್ವಗ ಇದರಾಗ ಇನ್ನೊಂದ ಒಂದು ಸೀನು ಬಂತಂದ್ರ, ಗಾಡಿ ನನ್ನ ತಮ್ಮ ಕಲ್ಮೇಶಗ ಕೊಟ್ಟಬಿಡೋದು. ಅವಂಗ ಕೋಳಿ ಒಯ್ಯಾಕ ಒಂದು ಗಾಡಿ ಬೇಕಾಗೇತಿ."

"ಕೋಳಿಗೆ ಕ್ಯಾಂಪರ್ ವ್ಯಾನೇನ?"

"ಅವಕ್ಕ ಮೈತುಂಬ ಪುಕ್ಕ ಇರ್ತಾವರಿ. ತಡಕೊಂತಾವು."

ಕಾಶಿಯ ದಾರಿಯಲ್ಲಿ ಕೋಳಿಗಳು ಕೂತು ಹೋಗುವ ದೃಶ್ಯ ಶಂಕರೆಪ್ಪನವರ ಕಣ್ಣಿಗೆ ಕಟ್ಟಿತು. ಅವರು ಕೂಡಲೇ ಸಂಶೋಧನೆಗೆ ಇಳಿದರು. ಊದಬತ್ತಿ ಹಚ್ಚಿಕೊಂಡು ಗಾಡಿಯೊಳಗೆ ಕೂತು ಹೊಗೆಯನ್ನು ನೋಡಿದರು. ಬಾಗಿಲ ಹತ್ತಿರ ಹೊಗೆ ಸ್ವಲ್ಪ ಬಳುಕಿತು. ಕೊಳವೆಯ ಹತ್ತಿರ ಮೇಲಕ್ಕೆ ಹೋಯಿತು. ಅಂಗಳದಲ್ಲಿ ಆಗ ಒಂದೆಲೆಯೂ ಅಲುಗುತ್ತಿರಲಿಲ್ಲವೆಂಬುದನ್ನು ಅವರು ಗಮನಕ್ಕೆ ತಂದುಕೊಳ್ಳಲಿಲ್ಲ. ಅಪರಾಧಿ ಬಾಗಿಲು, ಕೊಳವೆ ನಿರಪರಾಧಿ ಎಂದು ಅಲ್ಲಿಯೇ ನಿರ್ಣಯವಾಯಿತು. (ನ್ಯಾಯಾಧೀಶರೇ ಕೊಳವೆಯ ತಂದೆಯೂ ಆಗಿದ್ದರಿಂದ ಬೇರೆ ನಿರ್ಣಯ ಸಾಧ್ಯವಿರಲಿಲ್ಲ.)

ಸಂದು ಮುಚ್ಚಲು ಆನ್‌ಲೈನಿನಲ್ಲಿ ರಬ್ಬರ್ ಪಟ್ಟಿ ತರಿಸಿದರು. ಅದು ಶಾವಿಗೆಯಷ್ಟು ತೆಳ್ಳಗಿತ್ತು. ಮತ್ತೊಮ್ಮೆ ತರಿಸಿದರು. ಅಂಟು ಹಿಡಿಯದೆ ಮರುದಿನವೇ ಹಾವಿನ ಪೊರೆಯಂತೆ ಜೋತುಬಿತ್ತು. ಅಷ್ಟರಲ್ಲಿ ನವಿಲುತೀರ್ಥಕ್ಕೆ ಹೋಗುವ ಎರಡನೆಯ ಸವಾರಿ, ಅಂದರೆ ಕೊನೆಯ ಪರೀಕ್ಷೆ, ನಾಳೆಗೆ ಬಂದಿತ್ತು. ಮಂಜುಳಾ ತಾಯಿಯನ್ನು ಕರೆತರಲು ದೊಡವಾಡಕ್ಕೆ ಹೋಗಿದ್ದಳು. ಶಂಕರೆಪ್ಪನವರು ಫೋನು ಹಚ್ಚಿದರು.

"ಹಳೇ ಅರಿವಿ ಏನರ ಅದಾವೇನ?"

"ಟ್ರಂಕಿನಾಗ ಅದಾವ ನೋಡ್ರಿ," ಎಂದು ಮಂಜುಳಾ ಬಸ್ಸಿನ ಗದ್ದಲದಲ್ಲಿ ಕೂಗಿ ಫೋನಿಟ್ಟಳು.

ಟ್ರಂಕಿನ ಮುಚ್ಚಳ ತೆಗೆದರೆ ಮೇಲೆಯೇ ಒಂದು ಕೌದಿ. ಹಸಿರು ಸೀರೆಯ ತುಂಡು, ಬಣ್ಣ ಹೋದ ಇಳಕಲ್ಲು, ಯಾರದೋ ಅಂಗಿಯ ತೋಳು, ಎಲ್ಲ ಹಳೆಯ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಒತ್ತೊತ್ತಾಗಿ ಹೊಲಿದದ್ದು. ಬೆರಳಿನಷ್ಟು ದಪ್ಪ. 'ಇಷ್ಟು ಹಳೆಯ ಬಟ್ಟೆ ಈ ಮನೆಯಲ್ಲೇ ಇರಲಿಕ್ಕಿಲ್ಲ' ಎಂದುಕೊಂಡು ಶಂಕರೆಪ್ಪನವರು ಕತ್ತರಿ ಹಿಡಿದರು. ನಿನ್ನೆ ಹೊಲಿದು ಮುಗಿಸಿದ ಕೌದಿಯೂ ಹಳೆಯ ಬಟ್ಟೆಯಿಂದಲೇ ಹುಟ್ಟಿರುತ್ತದೆಂಬ ಪಾಠ ಭೌತಶಾಸ್ತ್ರದ ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ಸಂಜೆಯೊಳಗೆ ಉದ್ದುದ್ದ ಪಟ್ಟಿಗಳು ಪಕ್ಕದ ಬಾಗಿಲಿಗೂ ಹಿಂದಿನ ಬಾಗಿಲಿಗೂ ಸುತ್ತ, ಕಣ್ಣಿಗೆ ಬೀಳದಂತೆ ಸಂದಿನ ಆಳದಲ್ಲಿ ಕೂತುಬಿಟ್ಟವು.

ಮರುದಿನ ಗಾಡಿ ಮುನವಳ್ಳಿಯ ರಸ್ತೆ ಹಿಡಿದಿತ್ತು. ಮೊಣಕಾಲು ನೋವಿನ ರಾಯವ್ವ ಹಿಂದೆ ಹಾಸಿಗೆಯ ಮೇಲೆ ಕಾಲು ಚಾಚಿದ್ದಳು. ಸ್ವಲ್ಪ ಹೊತ್ತಿಗೆ ಡಬ್ಬಿಯ ಕಿಟಕಿಯಲ್ಲಿ ಅವಳ ಮುಖ ಕಾಣಿಸಿಕೊಂಡಿತು.

"ಮಂಜಿ, ಹ್ವಾದ ವಾರ ಬಂದಾಗ ಟ್ರಂಕಿನಾಗ ಒಂದು ಕೌದಿ ಇಟ್ಟಿದ್ನೆಲಾ, ತಂದೀರಿಲ್ಲ?"

"ಗಾಡಿ ಸಾಮಾನೆಲ್ಲಾ ಇವರ ತುಂಬ್ಯಾರ. ಇವರನ್ನ ಕೇಳು."

ಶಂಕರೆಪ್ಪನವರ ಕೈ ಗೇರಿನ ಮೇಲೆಯೇ ನಿಂತಿತು. "ಯಾವ ಕೌದಿ, ಅತ್ತಿಯವರ?"

"ಹೊಸಾದ್ರಿ ಅಳಿಯಾರ. ಕಿತ್ತೂರಿಂದ ಬಂದ ಮ್ಯಾಲೆ ನಿಮ್ಮ ಗಾಡಿ ಸಲುವಾಗೇ ಕುಂತು ಹೊಲದೇನಿ. ಕಾಶಿಗೆ ಹೋಗಾವ್ರು, ಚಳಿ ಆಗಬಾರದಂತ. ಕಡೀ ಹೊಲಿಗಿ ಹಾಕೂದಕ್ಕಿಂತ ಮೊದಲ ಒಂದು ತುಣುಕು ಹೋಳಿಗಿ ಇಟ್ಟು ಅದರ ಹೊಟ್ಟಿನೂ ತುಂಬೇನಿ. ಖಾಲಿ ಹೊಟ್ಟಿಲೆ ಕೌದಿನ ಮನಿ ಬಿಟ್ಟು ಕಳಸಬಾರದು."

ಗಾಡಿ ಎರಡು ಸಲ ಕೆಮ್ಮಿ ನಡುರಸ್ತೆಯಲ್ಲಿ ಆಫ್ ಆಯಿತು.

"ಗಾಡಿಯಾಗ ಐತ್ರಿ," ಎಂದರು ಶಂಕರೆಪ್ಪನವರು ಕೀಲಿ ತಿರುವುತ್ತ. ಇದರಲ್ಲಿ ಸುಳ್ಳಿನ ಅಂಶ ಎಳ್ಳಷ್ಟೂ ಇರಲಿಲ್ಲ.

ನವಿಲುತೀರ್ಥದಲ್ಲಿ ಹಿನ್ನೀರು ಚೆನ್ನಾಗಿ ಕಾಣಲೆಂದು ಗಾಡಿಯ ಮುಖವನ್ನು ನೀರಿಗೇ ತಿರುಗಿಸಿ, ಒಂದು ಜಾಲಿ ಗಿಡದ ಕೆಳಗೆ ನಿಲ್ಲಿಸಿದರು. ಹೊತ್ತು ಮುಳುಗುತ್ತಲೇ ನೀರಿನ ಮೇಲಿನ ಗಾಳಿ ಎದ್ದಿತು. ಅವರು ಕ್ಯಾನು ತುಂಬಿಸಿಕೊಂಡು ಬಂದಾಗ ರಾಯವ್ವ ಹಾಸಿಗೆಯ ಮೇಲೆ ನಿಂತಿದ್ದವಳು ಗಡಬಡಿಸಿ ಇಳಿದಳು.

"ಸೊಂಟ ಸಡ್ಲ ಮಾಡಾಕತ್ತಿದ್ನಿರಿ," ಎಂದಳು ಕೇಳದಿದ್ದರೂ.

ಶಂಕರೆಪ್ಪನವರಿಗೆ ಅತ್ತೆಯ ಸೊಂಟದ ಕಡೆ ಲಕ್ಷ್ಯವಿರಲಿಲ್ಲ. ಪಕ್ಕದ ಬಾಗಿಲನ್ನು ಎಳೆದು, ಅದು ಕೂಡದಿದ್ದಾಗ ಹೆಗಲು ಕೊಟ್ಟು ನೂಕಿ ಮುಚ್ಚಿದರು. ಊದಬತ್ತಿ ಹಚ್ಚಿದರು. ಹೊಗೆ ಶಿಸ್ತಿನ ಸಿಪಾಯಿಯಂತೆ ನೆಟ್ಟಗೆ ನಿಂತಿತು. ರಾಯವ್ವ ಮತ್ತೊಮ್ಮೆ ಕೌದಿ ಕೇಳಿದಳು. "ಎಲ್ಲೋ ಸಂದ್ಯಾಗ ಸೇರೇತ್ರಿ, ಬೆಳಿಗ್ಗೆ ನೋಡೋಣು," ಎಂದು ಇನ್ನೊಂದು ನಿಷ್ಠುರ ಸತ್ಯ ನುಡಿದು ಅವರು ಎರಡು ಚಾದರ ಕೊಟ್ಟರು.

ಬೆಳಗಾಯಿತು. ರಾಯವ್ವ ಒಂದೂ ಸೀನು ಸೀನದೆ ಬೆಚ್ಚಗೆ ಎದ್ದು ಕೂತಿದ್ದಳು. ಶಂಕರೆಪ್ಪನವರು ಕಾಶಿಯ ಘಾಟಿನ ಮೇಲೆ ನಿಂತವರಂತೆ ಎದೆಯುಬ್ಬಿಸಿದರು.

"ನೋಡಿದಿ? ಇದಕ್ಕ ಮುಚ್ಚಿದ ವ್ಯವಸ್ಥಾ ಅಂತಾರ. ಒಳಗಿನ ಶಾಖ ಒಳಗ, ಹೊರಗಿನ..."

"ಪಾಠ ಆಮ್ಯಾಲೆ ಮಾಡ್ರಿ. ಮೊದಲ ಬಾಗಲಾ ತಗೀರಿ, ನಾ ಹೊರಗ ಹೋಗಬೇಕು," ಎಂದಳು ಮಂಜುಳಾ.

ಬಾಗಿಲು ಬರಲಿಲ್ಲ. ಇಬ್ಬನಿ ಕುಡಿದು ಉಬ್ಬಿದ ಕೌದಿ ಬಾಗಿಲನ್ನು ಅವುಚಿ ಹಿಡಿದಿತ್ತು. ಎಳೆದರು, ಒದ್ದರು, ಕೊನೆಗೆ ಬೇಡಿಕೊಂಡರು. ಹಿಂದಿನ ಬಾಗಿಲಿನ ಕಥೆಯೂ ಅಷ್ಟೇ. ಡಬ್ಬಿಯ ಕಿಟಕಿಯಲ್ಲಿ ಶಂಕರೆಪ್ಪನವರ ತಲೆ ಮಾತ್ರ ಹೋಯಿತು. ತಲೆಗಿಂತ ಹೊಟ್ಟೆ ದೊಡ್ಡದೆಂಬುದು ಅವರಿಗೆ ತಿಳಿದ ವಿಷಯವೇ ಆಗಿದ್ದರಿಂದ ಹಿಂದಕ್ಕೆ ತೆಗೆದುಕೊಂಡರು.

"ಕಾಶಿ ಯಾತ್ರಾ ಇಲ್ಲೇ ಮುಗಿದಂಗ ಕಾಣತೈತಿ," ಎಂದಳು ಮಂಜುಳಾ. "ಕೋಳಿ ಇದ್ದಿದ್ರ ಒಂದು ಕೂಗರ ಹಾಕ್ತಿದ್ದುವು."

ರಾಯವ್ವ ಮಾತ್ರ ಬಾಗಿಲ ಕೆಳಗೆ ನೋಡುತ್ತಿದ್ದಳು. ಕೆಂಪಿರುವೆಗಳ ಸಾಲೊಂದು ಜಾಲಿ ಗಿಡದಿಂದ ಹೇಗೋ ಬಾಗಿಲ ಸಂದಿಗೆ ಬಂದು, ಏನನ್ನೋ ಹೊತ್ತುಕೊಂಡು ಹೋಗುತ್ತಿತ್ತು. ಅವಳು ಬಗ್ಗಿ ಒಂದು ಇರುವೆಯ ಬಾಯೊಳಗಿನ ಹಳದಿ ಚೂರನ್ನು ಬೆರಳಿನ ಮೇಲೆ ತೆಗೆದುಕೊಂಡಳು. ಮೂಸಿದಳು.

"ಹೂರಣ," ಎಂದಳು.

ಶಂಕರೆಪ್ಪನವರು ಕಣ್ಣು ಮುಚ್ಚಿಕೊಂಡರು.

ರಾಯವ್ವನ ಬೆರಳು ಇರುವೆಗಳ ಸಾಲು ಹಿಡಿದು ಮೇಲೇರಿ, ಸಂದಿನೊಳಗೆ ಹೊಕ್ಕು, ಒಣಗಿದ ಹೋಳಿಗೆಯ ಒಂದು ತುಣುಕನ್ನು ಹೊರಗೆ ತಂದಿತು. ಅದರ ಬೆನ್ನ ಹಿಂದೆ ಹಸಿರು ಬಟ್ಟೆ ಇಣುಕಿತು.

"ಮಂಜಿ, ಇದು ನನ್ನ ಹಸರ ಸೀರಿ."

ಅಷ್ಟೆಂದು ಎರಡೂ ಕೈಯಿಂದ ಹಿಡಿದು ಎಳೆದಳು. ಪಟ್ಟಿ ಕರುಳಿನಂತೆ ಉದ್ದಕ್ಕೂ ಕಿತ್ತು ಬಂತು. ಬಾಗಿಲು 'ಖಟ್' ಎಂದು ಸಡಿಲಾಗಿ ತಾನೇ ಸರಿಯಿತು. ಬಿಸಿಲು ಒಳಗೆ ಬಂತು. ಮಂಜುಳಾ ಹೊರಗೆ ಓಡಿದಳು.

ಒಳಗೆ ಅತ್ತೆ, ಅಳಿಯ ಮತ್ತು ಪಟ್ಟಿ ಉಳಿದರು.

"ಹಳೇದಂತ ತಿಳದಿದ್ನಿರಿ," ಎಂದರು ಶಂಕರೆಪ್ಪನವರು.

"ಕೌದಿನ ಹೊಸಾ ಥಾನ್ ಹರದು ಹೊಲೀತಾರೇನ್ರಿ, ಅಳಿಯಾರ?"

"ತಪ್ಪಾತ್ರಿ. ಆದ್ರ ಅತ್ತಿಯವರ, ಗಾಳಿ ನಿಂತಿದ್ದು ಖರೇ ಅಲ್ಲೇನ್ರಿ? ನಿಮಗ ಒಂದೂ ಸೀನು ಬರಲಿಲ್ಲ."

"ಮ್ಯಾಲ ನೋಡ್ರಿ."

ಶಂಕರೆಪ್ಪನವರು ತಲೆಯೆತ್ತಿದರು. ಸೊಂಡಿಲ ಕೊಳವೆಯ ಬಾಯಿಂದ ಜರಿಯ ಅಂಚೊಂದು ಜೋತಾಡುತ್ತಿತ್ತು. ಅದು ವಿಜ್ಞಾನ ಮೇಳದ ತೀರ್ಪುಗಾರರಾಗಿದ್ದಕ್ಕೆ ಅವರಿಗೆ ಹೊದಿಸಿದ್ದ ಸನ್ಮಾನದ ಶಾಲು. ಎಲ್ಲಿ ಯಾರು ಸಭೆಗೆ ಕರೆಯುತ್ತಾರೋ ಎಂದು ಅವರು ಅದನ್ನು ಗಾಡಿಯಲ್ಲಿ ಸದಾ ಮೊಳೆಗೆ ತೂಗಿಬಿಟ್ಟಿರುತ್ತಿದ್ದರು.

"ಗಾಳಿ ಬರತಿದ್ದದ್ದು ಬಾಗಲಾಗಿಂದ ಅಲ್ರಿ, ನಿಮ್ಮ ಸೊಂಡ್ಲಾಗಿಂದ. ಕಿತ್ತೂರಾಗ ಸೀದಾ ನನ್ನ ನೆತ್ತಿ ಮ್ಯಾಲ ಬೀಸೇತಿ. ಅದಕ್ಕ ನಿನ್ನೆ ನೀವು ನೀರಿಗೆ ಹ್ವಾದಾಗ ತುರುಕಿಬಿಟ್ಟೆ."

"ಅವತ್ತ ಹೇಳಬೇಕಿತ್ತಲ್ರಿ?"

"ಹೇಳಾಕ ಬಾಯಿ ತಗದೇನ್ರಿ. ನೀವು ಪೆನ್ನು ತಗದು ಚಿತ್ರಾ ಬರ್ಯಾಕ ಹತ್ತಿದ್ರಿ."

ಶಂಕರೆಪ್ಪನವರು ಹಾಸಿಗೆಯ ಅಂಚಿಗೆ ಕುಸಿದರು. "ಹಂಗಾರ ನೀವು ಗಾಡಿ ಉಳೀಲಿ ಅಂತ...?"

"ಮತ್ತ? ದೊಡವಾಡದಾಗ ಅದ ಕಟ್ಟಿ, ಅದ ಎಮ್ಮಿ. ಗಾಡಿ ಕೋಳಿ ಪಾಲಾದ್ರ ನನ್ನನ್ನ ಕಾಶಿಗೆ ಯಾರು ಒಯ್ತಾರ?"

ಆಗ ತಾನೆ ಬಾಗಿಲಿಗೆ ಬಂದ ಮಂಜುಳಾ ಸೊಂಟದ ಮೇಲೆ ಕೈಯಿಟ್ಟಳು. "ಯವ್ವಾ, ನೀ ನನ್ನ ಕಡೆ ಅಂತ ತಿಳದಿದ್ದೆ ನಾ."

"ನಾ ಗಾಡಿ ಕಡೆ," ಎಂದಳು ರಾಯವ್ವ. "ಮತ್ತ ಇನ್ನಮ್ಯಾಲೆ ನಾ ಮುಂದ ಕುಂಡ್ರಾಕಿ. ಆ ಡಬ್ಬಿ ಕಿಟಕ್ಯಾಗಿಂದ ನನಗ ಬರೇ ಅಳಿಯಾರ ಕಿವಿ ಕಾಣತೈತಿ."

ಶಂಕರೆಪ್ಪನವರ ಎದೆಯ ಮೇಲಿಂದ ಒಂದು ಕೋಳಿ ಫಾರ್ಮೇ ಇಳಿದಂತಾಯಿತು. ದೀರ್ಘವಾಗಿ ಉಸಿರೆಳೆದರು. ತೆರೆದ ಬಾಗಿಲಿನಿಂದ ನವಿಲುತೀರ್ಥದ ತಣ್ಣನೆಯ ಗಾಳಿ ಪೂರಾ ಮೂಗಿನೊಳಗೆ ಹೋಯಿತು. ಗಾಡಿ ಅಲುಗಾಡುವಂತೆ ಸೀನಿದರು.



"ಈ ಸೀನು ಲೆಕ್ಕಕ್ಕಿಲ್ಲ," ಎಂದಳು ಮಂಜುಳಾ ನಗು ತಡೆಯುತ್ತ. "ಷರತ್ತು ಅವ್ವನ ಸೀನಿಂದು ಇತ್ತು. ಗಾಡಿ ಉಳೀತು, ಮೂಗು ಒರಸ್ಕೋರಿ."

ಶಿಕ್ಷೆಯನ್ನು ಬೈಲಹೊಂಗಲದಲ್ಲಿ ವಿಧಿಸಲಾಯಿತು. ಕತ್ತರಿಸಿದ ಪಟ್ಟಿಗಳನ್ನೆಲ್ಲ ಕೂಡಿಸಿ ಮತ್ತೆ ಕೌದಿ ಮಾಡುವುದು, ಅದೂ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು, ಬೆಳಕು ಚೆನ್ನಾಗಿರುವಾಗ. ಕಾಲೇಜು ಬಿಟ್ಟ ವಿದ್ಯಾರ್ಥಿಗಳು ನಮಸ್ಕಾರ ಹೇಳಿ ಹೋಗುವರು. ಶಂಕರೆಪ್ಪನವರು ಸೂಜಿ ಹಿಡಿದ ಕೈಯಿಂದಲೇ ಪ್ರತಿನಮಸ್ಕಾರ ಮಾಡುವರು. ರಾಯವ್ವ ಪಕ್ಕದಲ್ಲಿ ಕೂತು ಸೊಟ್ಟ ಹೊಲಿಗೆ ಬಿಚ್ಚುವಳು. ಸ್ಟಾಫ್ ರೂಮಿನಲ್ಲಿ ಶಾಲು ಎಲ್ಲಿ ಎಂದು ಕೇಳಿದವರಿಗೆ, ಅದನ್ನು ಉನ್ನತ ಸ್ಥಾನದಲ್ಲಿ ಇಟ್ಟಿರುವುದಾಗಿ ಅವರು ಗಂಭೀರವಾಗಿ ಹೇಳಿದರು.

ಬೇಸಿಗೆ ರಜೆಗೆ ಮುಂಚೆ ಕೌದಿ ಮುಗಿಯುತ್ತ ಬಂತು. ಕಡೆಯ ಹೊಲಿಗೆಗೆ ಮೊದಲು ರಾಯವ್ವ ಹೋಳಿಗೆ ತಂದು ಕೊಟ್ಟಳು. ಶಂಕರೆಪ್ಪನವರು ಉಗುರಿನಷ್ಟು ತುಣುಕು ಮುರಿದು ಕೌದಿಯ ಹೊಟ್ಟೆಗೆ ಇಡಲು ಹೋದರು. ರಾಯವ್ವ ಅವರ ಕೈ ಹಿಡಿದಳು.

"ದೊಡ್ಡ ತುಣುಕ ಇಡ್ರಿ, ಅಳಿಯಾರ. ಕಾಶಿ ದೂರ ಐತಿ. ನೀವು ಮತ್ತೆಲ್ಲೆರ ನಮ್ಮನ್ನ ಒಳಗ ಹಾಕಿ ಮುಚ್ಚಿದ್ರಂದ್ರ, ದಾರಿ ತೋರಸಾಕ ಇರುವಿ ಬರಬೇಕಲ್ಲ."