ಕೈ ಊರದೆ ಏಳುವ ಪರೀಕ್ಷೆ

ಅಂಕ ಹಾಕುವುದೆಂದರೆ ನನಗೆ ಮೊದಲಿನಿಂದಲೂ ಬಲು ಉಮೇದು. ಉತ್ತರಪತ್ರಿಕೆಗಳ ಕಟ್ಟು ಕಂಡರೆ ಬೇರೆ ಮೇಷ್ಟರುಗಳು ಮುಖ ಸಿಂಡರಿಸುತ್ತಾರೆ; ನಾನು ಕೆಂಪು ಪೆನ್ನಿಗೆ ಹೊಸ ರೀಫಿಲ್ ಹಾಕಿಕೊಂಡು ಕೂರುತ್ತೇನೆ. ನಾನು ಯಲಹಂಕದ ಕಾಲೇಜೊಂದರಲ್ಲಿ ಕಿನಿಸಿಯಾಲಜಿ, ಅಂದರೆ ಮನುಷ್ಯನ ದೇಹ ಹೇಗೆ ಚಲಿಸುತ್ತದೆ ಎಂಬ ಶಾಸ್ತ್ರ ಕಲಿಸುತ್ತೇನೆ. ನೆಂಟರು ‘ಪಿಟಿ ಮೇಷ್ಟ್ರಾ?’ ಎಂದು ಕೇಳಿದರೆ ಈಗೀಗ ಹೌದೆಂದು ಸುಮ್ಮನಾಗುತ್ತೇನೆ.

ಈ ವರ್ಷ ಕಾಲೇಜಿನಲ್ಲಿ ಹೊಸ ನಿಯಮ ಬಂತು. ವಿದ್ಯಾರ್ಥಿ ಎಷ್ಟು ಬರೆದ ಎಂದಲ್ಲ, ನಿಜಕ್ಕೂ ಏನು ಕಲಿತ ಎಂದು ಅಳೆಯಬೇಕಂತೆ. ನಾನು ಹಿಗ್ಗಿಹೋದೆ. ಎರಡು ಭಾನುವಾರ ಕೂತು ಹದಿನಾಲ್ಕು ಕಾಲಮ್ಮುಗಳ ನಮೂನೆ ಸಿದ್ಧಪಡಿಸಿದೆ. ಹೆಂಡತಿ ಇಣುಕಿ ನೋಡಿ, ‘ಯಾರ ಜಾತಕ ಬರೀತಿದೀರಿ?’ ಎಂದಳು.

ಪರೀಕ್ಷೆಯನ್ನು ಅಲ್ಲಾಳಸಂದ್ರದ ಕೆರೆಯ ದಂಡೆಯಲ್ಲೇ ಇಟ್ಟೆ. ಬೆಳಗಿನ ವಾಕಿಂಗಿಗೆ ಬರುವ ಹಿರಿಯರು ಸಂತೋಷದಿಂದ ಒಪ್ಪಿದ್ದರು. ಒಬ್ಬೊಬ್ಬ ವಿದ್ಯಾರ್ಥಿ ಒಬ್ಬೊಬ್ಬರ ನಡಿಗೆ ನೋಡಿ, ತೊಂದರೆ ಗುರುತಿಸಿ, ಒಂದಾದರೂ ಉಪಯೋಗದ ಮಾತು ಕಲಿಸಬೇಕು. ನನಗೆ ಚಿಂತೆಯಿದ್ದುದು ಶಿವಲೀಲಾಳ ಬಗ್ಗೆ. ಬಾಗಲಕೋಟೆ ಕಡೆಯ ಹುಡುಗಿ. ಇಂಗ್ಲಿಷಿನಲ್ಲಿ ಬರೆಯುವ ಪರೀಕ್ಷೆಯಲ್ಲಿ ಎರಡು ಸಲ ಫೇಲಾಗಿದ್ದಳು. ಇದೂ ಕೈಕೊಟ್ಟರೆ ಅವಳ ಒಂದು ವರ್ಷವೇ ಹೋಗುತ್ತಿತ್ತು.

ಅವಳ ಪಾಲಿಗೆ ಬಂದವರು ಸಹಕಾರನಗರದ ಶಾರದಮ್ಮ. ಮಂಡಿನೋವಿನವರು. ಶಿವಲೀಲಾ ಅವರನ್ನು ನಡೆಸಲೇ ಇಲ್ಲ. ಬೆಂಚಿನ ಮೇಲೆ ಕೂರಿಸಿ ಸುಮ್ಮನೆ ನೋಡುತ್ತ ನಿಂತಳು. ನಡಿಗೆಗೆಂದೇ ಇಟ್ಟಿದ್ದ ನನ್ನ ಮೊದಲ ಆರು ಕಾಲಮ್ಮುಗಳು ಖಾಲಿಯೇ ಉಳಿದವು.

‘ಏಳೋವಾಗ ಕೈ ಊರತೀರೇನ್ರಿ ಅಮ್ಮಾರ?’ ಎಂದು ಕೇಳಿದಳು.

‘ಕೈ ಊರದೆ ಎದ್ದು ಎಷ್ಟು ವರ್ಷ ಆಯ್ತೋ ಕಣಮ್ಮ’ ಎಂದರು ಶಾರದಮ್ಮ.

‘ಪಾದ ಸ್ವಲ್ಪ ಹಿಂದಕ್ಕ ತಗೋರಿ. ಮೂಗು ಮುಂದಕ್ಕ ಬರಲಿ. ಈಗ ಏಳ್ರಿ, ನಾ ಇಲ್ಲೇ ಅದೀನಿ.’

ಶಾರದಮ್ಮ ಎದ್ದರು. ಒಂದು ಕ್ಷಣ ತಮ್ಮ ಎರಡು ಖಾಲಿ ಕೈಗಳನ್ನೇ ನೋಡಿಕೊಂಡರು. ‘ಇನ್ನೊಂದ್ಸಲ’ ಎಂದು ಮತ್ತೆ ಕೂತು, ಮತ್ತೆ ಎದ್ದರು. ಆಮೇಲೆ ತಮ್ಮ ವಾಕಿಂಗ್ ಗೆಳತಿಯರನ್ನೆಲ್ಲ ಕೂಗಿ ಕರೆದರು. ನಾನು ಸಂಭ್ರಮದಲ್ಲಿ ಹದಿನಾಲ್ಕು ಕಾಲಮ್ಮುಗಳಿಗೂ ಅಡ್ಡಗೆರೆ ಎಳೆದು, ‘ಕಲಿತಿದ್ದಾಳೆ, ಕಲಿಸಿಯೂ ಇದ್ದಾಳೆ’ ಎಂದು ಬರೆದು ಪೂರ್ತಿ ಅಂಕ ಹಾಕಿದೆ.

ಅಲ್ಲಿಗೇ ಮನೆಗೆ ಹೋಗಿದ್ದರೆ ಚೆನ್ನಾಗಿತ್ತು. ಗೆಳತಿಯರಿಗೆ ಶಾಸ್ತ್ರೋಕ್ತವಾಗಿ ತೋರಿಸುವ ಉತ್ಸಾಹದಲ್ಲಿ ನಾನೇ ಬೆಂಚಿನ ಮೇಲೆ ಕೂತು, ‘ನೋಡಿ, ಹೀಗೆ’ ಎಂದೆ. ಅರ್ಧ ಎದ್ದೆ. ಸೊಂಟ ಹಿಡಿದುಕೊಂಡಿತು. ಧೊಪ್ಪನೆ ಕೂತೆ.

ಶಿವಲೀಲಾ ಹತ್ತಿರ ಬಂದು ಮೆಲ್ಲಗೆ, ‘ಸರ, ಪಾದ ಹಿಂದಕ್ಕ’ ಎಂದಳು.

ಈಗ ದಿನಾ ಬೆಳಿಗ್ಗೆ ಹತ್ತು ಸಲ ಎದ್ದು ಕೂರುತ್ತೇನೆ. ವಾರಕ್ಕೊಮ್ಮೆ ಅವಳು ಪರೀಕ್ಷಿಸುತ್ತಾಳೆ. ಪ್ರಗತಿ ಸಾಲದಂತೆ.