ಸುಧಾಕರನ ಮನೆಯಲ್ಲಿರುವ ನನ್ನ ರೆಕಾರ್ಡು

ನನ್ನದೇ ವಸ್ತುವನ್ನು ಇನ್ನೊಬ್ಬರ ಮನೆಯಿಂದ ವಾಪಸ್ ಕೇಳುವುದು ನನಗೆ ಒಗ್ಗದ ವಿದ್ಯೆ. ಕೊಡೆ, ಏಣಿ, ಇಡ್ಲಿ ಪಾತ್ರೆ, ಹೀಗೆ ನನ್ನ ಆಸ್ತಿ ಕೊಪ್ಪದ ನಾಲ್ಕಾರು ಮನೆಗಳಲ್ಲಿ ಹಂಚಿಹೋಗಿದೆ. ಕೇಳೋಣವೆಂದು ಹೊರಟರೆ ದಾರಿಯಲ್ಲೇ ‘ಪಾಪ, ಈಗಲೇ ಅವರಿಗೆ ಅದು ಬೇಕಿದ್ದರೆ?’ ಎಂಬ ಚಿಂತೆ ಹತ್ತುತ್ತದೆ. ಕೂತು ಕಾಫಿ ಕುಡಿದು, ಅವರ ಮಗಳ ಕೆಮ್ಮು ವಿಚಾರಿಸಿ, ಕೊಟ್ಟ ಉಪ್ಪಿನಕಾಯಿ ಹಿಡಿದುಕೊಂಡು ಮನೆಗೆ ಬರುತ್ತೇನೆ. ಆದರೆ ಹೋದ ತಿಂಗಳು ಎನ್.ಆರ್. ಪುರಕ್ಕೆ ಹೊರಟದ್ದು ಮಾತ್ರ ಕೇಳಿಯೇ ಬರಬೇಕೆಂಬ ಹಟದಿಂದ. ಅಲ್ಲಿ ನನ್ನ ಗೆಳೆಯ ಸುಧಾಕರ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುವ ವೈಂಡಿಂಗ್ ಅಂಗಡಿ ಇಟ್ಟಿದ್ದಾನೆ. ಅವನ ಹತ್ತಿರ ನನ್ನ ಗ್ರಾಮಫೋನ್ ರೆಕಾರ್ಡೊಂದು ವರ್ಷಗಳಿಂದ ಉಳಿದುಕೊಂಡಿದೆ.

ಅದು ಇಂಗ್ಲೆಂಡಿನ ಒಂದು ತಂಡದ ಹಳೆಯ ಎಲ್‌ಪಿ. ಬಸರೀಕಟ್ಟೆ ಕಡೆಯ ಎಸ್ಟೇಟಿನ ಬಂಗಲೆ ಖಾಲಿ ಮಾಡುವಾಗ ನನ್ನ ಕೈಗೆ ಬಂದದ್ದು. ಪ್ರೊಗ್ರೆಸಿವ್ ಫೋಕ್ ರಾಕ್ ಎನ್ನುತ್ತಾರೆ. ಅಲ್ಲಿನ ರೈತರು ಕೊಯ್ಲಿನ ಹೊತ್ತಿಗೆ ಹಾಡುತ್ತಿದ್ದ ಪದಗಳಿಗೆ ಉದ್ದಕೂದಲಿನ ಐದು ಜನ ಎಲೆಕ್ಟ್ರಿಕ್ ಗಿಟಾರು, ಕೊಳಲು, ಡ್ರಮ್ಮು ಸೇರಿಸಿ, ಹಾಡು ಮುಗಿಯಿತು ಎನ್ನುವಷ್ಟರಲ್ಲಿ ಮತ್ತೆ ಶುರು ಮಾಡುತ್ತಾರೆ. ಕವರಿನಲ್ಲಿ ತಂಡದ ಹೆಸರಿದ್ದ ಮೂಲೆಯನ್ನು ಗೆದ್ದಲು ತಿಂದಿದೆ. ಶೃಂಗೇರಿಯಲ್ಲಿ ಓದುವಾಗ ನಾನೂ ಸುಧಾಕರನೂ ಒಂದೇ ರೂಮಿನಲ್ಲಿದ್ದುಕೊಂಡು ಇದನ್ನು ಕೇಳಿ ಕೇಳಿ ಸವೆಸಿದ್ದೆವು. ರೂಮು ಕೊಟ್ಟಿದ್ದ ಮನೆಯ ಯಜಮಾನರು ಪುರೋಹಿತರು. ಒಂದು ಸಂಜೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿದರು. “ಸ್ವರ ಚೆನ್ನಾಗಿದೆ. ಆದರೆ ಆ ಕೊಳಲಿನವನಿಗೆ ಉಬ್ಬಸ ಉಂಟಾ ಮಾರಾಯ? ಯಾರಾದರೂ ಒಂದು ಕಷಾಯ ಮಾಡಿ ಕೊಡಬಾರದಾ?” ಎಂದರು. ಕೊಳಲಿನೊಳಗೆ ಏದುಸಿರು ಬಿಡುವುದೇ ಆತನ ಶೈಲಿ ಎಂದು ಹೇಳುವ ಧೈರ್ಯವಾಗದೆ ‘ಹೌದು, ಹುಷಾರಿಲ್ಲ’ ಎಂದೆವು. ಆಮೇಲೆ ಅವರು ಎದುರು ಸಿಕ್ಕಾಗಲೆಲ್ಲ ಅವನ ಆರೋಗ್ಯ ವಿಚಾರಿಸುತ್ತಿದ್ದರು.

ಸುಧಾಕರನ ಎಡಗಿವಿ ಹೋಗಿ ವರ್ಷವಾಯಿತು. ಈಗ ಬಲಗಿವಿಯೂ ಮಂದವಾಗುತ್ತಿದೆ, ಉಳಿಯುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಸುದ್ದಿ ಕೇಳಿ ನನಗೆ ಮೊದಲು ಸಂಕಟವಾಯಿತು. ಅದರ ಬೆನ್ನಿಗೇ, ಕರೆಯದೆ ಬಂದ ನೆಂಟನ ಹಾಗೆ, ಇನ್ನೊಂದು ಯೋಚನೆ ಬಂದು ಕೂತಿತು: ಇನ್ನು ಅವನಿಗೆ ರೆಕಾರ್ಡು ಯಾಕೆ? ಹೆಂಡತಿಯ ಹತ್ತಿರ ಹೇಳಿದೆ. ಅವಳು “ಹಾಗೇ ಅವರ ರೇಡಿಯೋ, ಮೊಬೈಲು, ಮನೆಯ ಕಾಲಿಂಗ್ ಬೆಲ್ಲು ಎಲ್ಲ ಕೇಳ್ಕೊಂಡು ಬನ್ನಿ” ಎಂದಳು.

ನಾನು ಹೋದಾಗ ಸುಧಾಕರ ಆ ರೆಕಾರ್ಡನ್ನೇ ಹಾಕಿಕೊಂಡು, ಗೋಡೆಯಾಚೆಯ ಜಗಳ ಕೇಳುವವನ ಹಾಗೆ ಸ್ಪೀಕರಿಗೆ ಬಲಗಿವಿ ಆನಿಸಿ ಕೂತಿದ್ದ. “ದಿನಾ ಇದೇ. ಆ ಇಂಗ್ಲಿಷಿನವರಿಗೂ ಈಗ ನಮ್ಮನೆ ಒಗ್ಗಿದೆ” ಎಂದು ಅವನ ಹೆಂಡತಿ ವಸಂತಿ ಕಾಫಿ ತಂದಿಟ್ಟರು.

“ಬಾ ಮಾರಾಯ!” ಸುಧಾಕರ ಇಡೀ ಬೀದಿಗೆ ಕೇಳುವಂತೆ ಕೂಗಿದ. “ಈ ಸ್ಪೀಕರ್ ಪೆಟ್ಟಿಗೆಯಲ್ಲಿ ಕೊಳಲು, ಆ ಪೆಟ್ಟಿಗೆಯಲ್ಲಿ ಗಿಟಾರು. ಎರಡೂ ಒಟ್ಟಿಗೆ ಸಿಗೋದಿಲ್ಲ ಈಗ. ಅದಕ್ಕೆ ಒಂದು ಸಲ ಇಲ್ಲಿ ಕೂತು ಕೇಳೋದು, ಇನ್ನೊಂದು ಸಲ ಅಲ್ಲಿ. ಆಮೇಲೆ ತಲೆಯೊಳಗೆ ಜೋಡಿಸೋದು. ವೈಂಡಿಂಗಿನವನಿಗೆ ಎರಡು ತಂತಿ ಸೇರಿಸೋದು ಎಂತ ಕಷ್ಟ?” ಆಮೇಲೆ ದನಿ ತಗ್ಗಿಸಿ, “ಈ ಕಿವಿಯೂ ಹೋಗೋದರೊಳಗೆ ಪೂರ್ತಿ ಬಾಯಿಪಾಠ ಆಗಬೇಕು” ಎಂದ.

ನಾನು ಅವನ ಕುರ್ಚಿಯನ್ನು ಆಚೆ ಪೆಟ್ಟಿಗೆಯ ಹತ್ತಿರ ಎಳೆದು ಕೊಟ್ಟೆ. ಗಿಟಾರೂ ಮುಗಿಯಿತು. ಅವನು ರೆಕಾರ್ಡನ್ನು ಒರೆಸಿ, ಕವರಿಗೆ ಹಾಕಿ, ನನ್ನ ಮುಂದೆ ಹಿಡಿದ. “ತಗೊಂಡು ಹೋಗು. ನಿನ್ನದೇ ಅಲ್ವಾ?”

ನನಗಿಂತ ಮೊದಲು ನನ್ನ ಬಾಯಿ “ಬೇಡ ಬೇಡ, ಇರಲಿ” ಎಂದಿತು. ನಮ್ಮ ಕಡೆ ಎಲೆಯ ಮುಂದೆ ಕೂತವನು ಹೋಳಿಗೆಗೂ ಮೊದಲ ಸಲ ಬೇಡವೆಂದೇ ಕೈ ಅಡ್ಡ ಹಿಡಿಯುವುದು. ಬಡಿಸುವವನು ಅದನ್ನು ನಂಬದೆ ಎರಡನೇ ಸಲ ಒತ್ತಾಯಿಸುವುದು. ಆಗ ‘ಹಾಗಾದ್ರೆ ಒಂದೇ’ ಎಂದು ಕೈ ತೆಗೆಯುವುದು. ನಾನು ಆ ಎರಡನೇ ಒತ್ತಾಯಕ್ಕೆ ಕಾದೆ. ಸುಧಾಕರ “ಸರಿ” ಎಂದವನೇ ರೆಕಾರ್ಡನ್ನು ಕಪಾಟಿನೊಳಗಿಟ್ಟು ಬಾಗಿಲು ಹಾಕಿದ.

ಮನೆಗೆ ಬಂದು ಹೇಳಿದರೆ ಹೆಂಡತಿಗೆ ಆಶ್ಚರ್ಯ. “ನಿಮ್ಮ ‘ಬೇಡ’ಕ್ಕೆ ಎಂತ ಬೆಲೆ ಅಂತ ಅವರಿಗೆ ಗೊತ್ತಿಲ್ವಾ? ಎಷ್ಟು ಊಟ ಒಟ್ಟಿಗೆ ಮಾಡಿದ್ದೀರಿ!”

ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಅವನು ಕೊಡಲು ಬಂದದ್ದೂ ಉಪಚಾರಕ್ಕೇ, ನಾನು ಬೇಡವೆಂದದ್ದೂ ಉಪಚಾರಕ್ಕೇ. ಅವನು ಮಾತ್ರ ನನ್ನ ಮಾತನ್ನು ಗಬಕ್ಕನೆ ಹಿಡಿದುಕೊಂಡ, ಏಕೆಂದರೆ ಬಾಯಿಪಾಠ ಇನ್ನೂ ಆಗಿಲ್ಲ. ರೆಕಾರ್ಡು ಅಲ್ಲೇ ಇರಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೂ ಫೋನಿನಲ್ಲಿ ಸುಧಾಕರನ ಹೆಸರು ಕಂಡಾಗಲೆಲ್ಲ ಎತ್ತಲು ಹಿಂಜರಿಯುತ್ತೇನೆ. ಮನಸ್ಸು ಬದಲಿಸಿ ಇನ್ನೊಮ್ಮೆ ‘ತಗೊಂಡು ಹೋಗು’ ಎಂದುಬಿಟ್ಟರೆ ಗತಿಯೇನು? ಎರಡನೇ ಸಲಕ್ಕೆ ಬೇಡವೆಂದು ಹೇಳಿ ನನಗೆ ಅಭ್ಯಾಸವಿಲ್ಲ.